ಕೋಟೆ ಬಾಗಿಲಲ್ಲಿ ಒನ್ಸ್ ಮೋರ್

ನಮ್ಮದು ಹನ್ನೆರಡು ನಿಮಿಷದ ಹಾಡು. ಮೊದಲ ಮೂರು ನಿಮಿಷ ಶತ್ರು ಸೈನ್ಯ ಬರುತ್ತದೆ. ಆಮೇಲಿನ ಐದು ನಿಮಿಷದಲ್ಲಿ ಕೋಟೆ ಬೀಳುತ್ತದೆ. ಉಳಿದ ನಾಲ್ಕರಲ್ಲಿ ಕಾವಲಿನವಳೊಬ್ಬಳು ಮುರಿದ ಬಾಗಿಲಲ್ಲಿ ಒಂಟಿಯಾಗಿ ನಿಂತು ಸಾಯುತ್ತಾಳೆ. ಆ ಕಾವಲಿನವಳು ನಾನು. ಸೋಮವಾರದಿಂದ ಶುಕ್ರವಾರದವರೆಗೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವನ್ನು ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಕುಂದಲಹಳ್ಳಿಯ ಒಂದು ಮನೆಯ ತಾರಸಿಯ ಮೇಲೆ ಸಾಯುತ್ತೇನೆ.

ಹೆವಿ ಮೆಟಲ್ ಸಂಗೀತ ಎಂದ ಕೂಡಲೇ ಎದುರಿಗಿದ್ದವರು ಕಿವಿ ಮುಚ್ಚಿಕೊಳ್ಳುವಂತೆ ನಟಿಸುತ್ತಾರೆ. ಅವರ ತಪ್ಪೇನಿಲ್ಲ. ಅದರಲ್ಲಿ ಗಂಟಲನ್ನು ಗೊರಗೊರ ಅನ್ನಿಸುವವರಿದ್ದಾರೆ, ಸುಮ್ಮಸುಮ್ಮನೆ ಸಿಟ್ಟು ಮಾಡಿಕೊಂಡವರೂ ಇದ್ದಾರೆ. ನಮ್ಮದು ಅದರ ಹಳೇ ಮನೆತನ. ಇಲ್ಲಿ ಹಾಡುವವರು ನಿಜವಾಗಿಯೂ ಹಾಡುತ್ತಾರೆ, ಅದೂ ಬಾಯಿ ತುಂಬಾ. ಒಂದು ಕಥೆ ಎತ್ತಿಕೊಂಡರೆ ಅದು ದಡ ಮುಟ್ಟುವವರೆಗೆ ಬಿಡುವುದಿಲ್ಲ. ಕತ್ತಿ, ಕೋಟೆ, ಸೋಲು ಖಚಿತವೆಂದು ಗೊತ್ತಿದ್ದೂ ಹೊರಟ ಒಬ್ಬ ವೀರ, ಅವನ ಹಿಂದೆ ಕುದುರೆ ಓಡಿದಂತೆ ಓಡುವ ಗಿಟಾರು. ಎಲ್ಲವೂ ನಗು ಬರುವಷ್ಟು ಗಂಭೀರ. ನನಗೂ ನಗು ಬರುತ್ತದೆ. ನಗು ಮುಗಿಯುವ ಮೊದಲೇ ಮೈ ಜುಮ್ಮೆನ್ನುತ್ತದೆ. ನನಗೆ ಈ ಸಂಗೀತ ಹಿಡಿಸಿದ್ದು ಹಾಗೆ.

ಇದಕ್ಕೆ ನಾಚಿಕೆ ಎಂಬುದೇ ಇಲ್ಲ. ಆಫೀಸಿನಲ್ಲಿ ನಾನು ಇಡೀ ದಿನ ಹೇಳುವ ಮಾತುಗಳಿಗೆಲ್ಲ ಒಂದೊಂದು ಬಾಲ ಇರುತ್ತದೆ. ಬಹುಶಃ ಆಗಬಹುದು, ಸದ್ಯಕ್ಕೆ ಹೀಗೆ ಕಾಣುತ್ತಿದೆ, ಇನ್ನೊಮ್ಮೆ ನೋಡಿ ತಿಳಿಸುತ್ತೇವೆ. ಹಾಡಿನ ಕಾವಲಿನವಳು ಆ ಥರ ಮಾತಾಡುವುದಿಲ್ಲ. "ಬಾಗಿಲು ತೆಗೆಯಲ್ಲ" ಎನ್ನುತ್ತಾಳೆ, ಅಷ್ಟೇ. ಇನ್ನೊಮ್ಮೆ ನೋಡಿ ತಿಳಿಸುವುದಿಲ್ಲ.

ದಾವಣಗೆರೆಯ ನಮ್ಮ ಮನೆಯಲ್ಲಿ ನನ್ನ ದನಿಯ ಮೇಲೆ ಹುಟ್ಟಿನಿಂದಲೇ ಒಂದು ದೂರು ಇತ್ತು. "ಮೆತ್ತಗ ಮಾತಾಡು, ಬೀದಿಗೆಲ್ಲಾ ಕೇಳ್ತೈತಿ" ಎಂದು ಅವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಮಠದ ವಚನ ಗಾಯನ ಸ್ಪರ್ಧೆಯಲ್ಲಿ ಪ್ರತಿ ವರ್ಷ ನನಗೆ ಎರಡನೇ ಬಹುಮಾನ. ಒಂದು ವರ್ಷ ತೀರ್ಪುಗಾರರೊಬ್ಬರು ಪ್ರೀತಿಯಿಂದ ತಲೆ ಸವರಿ, ದನಿ ಬಹಳ ಚೆನ್ನಾಗಿದೆ ಮಗು, ಸ್ವಲ್ಪ ಜಾಸ್ತಿ ಇದೆ ಎಂದರು. ಜಾಸ್ತಿ ಇರುವುದನ್ನು ಎಲ್ಲಿ ಇಡಬೇಕೆಂದು ಅವರು ಹೇಳಲಿಲ್ಲ. ಎಂಜಿನಿಯರಿಂಗ್ ಹಾಸ್ಟೆಲಿಗೆ ಬಂದ ಮೇಲೆ ಪಕ್ಕದ ರೂಮಿನವಳು ಒಂದು ನಕಲು ಕ್ಯಾಸೆಟ್ ಕೊಟ್ಟಳು. ಅದರಲ್ಲಿ ಒಬ್ಬಾತ ಗುಡ್ಡದ ತುದಿಯಲ್ಲಿ ನಿಂತವನಂತೆ ಹಾಡುತ್ತಿದ್ದ, ಯಾರೂ ಅವನಿಗೆ ಮೆತ್ತಗೆ ಅಂದಿರಲಿಲ್ಲ. ರಜೆಗೆ ಊರಿಗೆ ಹೋಗಿ ಹಾಕಿದಾಗ ಅವ್ವ ಅಡುಗೆಮನೆಯಿಂದ ಓಡಿ ಬಂದು, "ಯಾರಿಗೋ ಏನೋ ಆಗೈತಿ ನೋಡು ಹೊರಗ" ಎಂದಳು. ಆ ಕ್ಯಾಸೆಟ್ ಸವೆದು ಹೋಗುವವರೆಗೂ ನಾನು ಅದನ್ನು ಬಿಡಲಿಲ್ಲ.

ಮದುವೆ, ಮಗಳು, ಕೆಲಸ, ಹನ್ನೊಂದನೇ ಮಹಡಿಯ ಫ್ಲ್ಯಾಟು ಎಲ್ಲ ಆದ ಮೇಲೆ, ನಲವತ್ತು ಹತ್ತಿರ ಬಂದಾಗ ನಾನು ಒಂದು ಬ್ಯಾಂಡಿಗೆ ಸೇರಿದೆ. ಗಿಟಾರಿನವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ತೆಗೆಯುವ ಹುಡುಗ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಮಾತಾಡುವುದು ಕಡಿಮೆ. ಹಾಡು ಕಟ್ಟುವುದೆಲ್ಲ ಅವನೇ, ಆದ್ದರಿಂದ ಯಜಮಾನಿಕೆಯೂ ಅವನದೇ. ಡ್ರಮ್ಮಿನವನು ಅತ್ತಿಬೆಲೆಯ ಗೋದಾಮಿನಲ್ಲಿ ಮ್ಯಾನೇಜರು, ಬೇಸ್ ಗಿಟಾರಿನವನು ಕಾಲೇಜು ಮೇಷ್ಟ್ರು. ನಾಲ್ವರೂ ನಾಲ್ಕು ದಿಕ್ಕು. ನಮ್ಮ ಫ್ಲ್ಯಾಟಿನಲ್ಲಿ ಒಮ್ಮೆ ಅಭ್ಯಾಸ ಮಾಡಿದೆವು. ಇಪ್ಪತ್ತು ನಿಮಿಷಕ್ಕೆ ಸೆಕ್ಯುರಿಟಿಯವನು ಬಂದು, ಮೇಡಂ, ಜಗಳ ಏನಾದ್ರೂ ಆಗ್ತಿದ್ಯಾ ಎಂದು ಕೇಳಿದ. ನನ್ನ ಗಂಡ, "ಇಲ್ಲಪ್ಪ, ಕೋಟೆ ಬೀಳ್ತಾ ಇದೆ" ಎಂದು ಹೇಳಿ ಕಳಿಸಿದರು. ಆ ಸಂಜೆಯಿಂದಲೇ ಬೇರೆ ಜಾಗ ಹುಡುಕತೊಡಗಿದೆವು.

ಹಾಗೆ ಸಿಕ್ಕಿದವರು ಕುಂದಲಹಳ್ಳಿಯ ಓನರು. ಹಳೇ ಊರಿನ ಒಳಗೆ, ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ, ಅವರದು ನಾಲ್ಕಂತಸ್ತಿನ ಕಟ್ಟಡ. ಕೆಳಗೆ ಟೈಲ್ಸ್ ಅಂಗಡಿ, ಮೇಲೆರಡು ಮಹಡಿ ಪಿ.ಜಿ., ಅದರ ಮೇಲೆ ಅವರ ಮನೆ, ತಾರಸಿಯಲ್ಲಿ ಶೀಟು ಹೊದಿಸಿದ ಉದ್ದನೆಯ ಹಾಲ್. ಅರವತ್ತರ ಮೇಲಿನ ಗಟ್ಟಿ ಆಳು, ಬಿಳಿ ಪಂಚೆ, ಬಿಳಿ ಅಂಗಿ, ಮೀಸೆಗೆ ಮಾತ್ರ ಕಪ್ಪು ಬಣ್ಣ.

"ಯಾವ್ ತರ ಆಡು ನಿಮ್ದು?" ಎಂದು ಅವರು ಕೇಳಿದರು.

ಹೆವಿ ಮೆಟಲ್ ಎಂದರೆ ಎಲ್ಲಿ ಜಾಗ ಕೈತಪ್ಪುತ್ತದೋ ಎಂದು, "ಯುದ್ಧದ ಹಾಡು ಅಣ್ಣ" ಎಂದೆ.

ಅವರ ಮುಖ ಅರಳಿತು. "ಯುದ್ಧದ್ದಾ? ಅಂಗಂದ್ರೆ ನಮ್ಮೋರೇ ಬುಡಿ. ಡ್ರೆಸ್ಸು ಎಲ್ಲಿಂದ ತರುಸ್ತೀರಾ?"

ಅವರು ನಮ್ಮನ್ನು ನಾಟಕದ ತಂಡ ಎಂದುಕೊಂಡಿದ್ದರು. ಆ ಹಾಲ್ ಇದ್ದದ್ದೇ ಪೌರಾಣಿಕ ನಾಟಕದ ತಾಲೀಮಿಗೆ. ಈ ಕಡೆಯ ಹಳೇ ಊರುಗಳಲ್ಲಿ ಜಮೀನು ಹೋಗಿ ಅಪಾರ್ಟ್‌ಮೆಂಟು ಬಂದರೂ ನಾಟಕ ಹೋಗಿಲ್ಲ. ಹಾಲಿನ ವ್ಯಾಪಾರಿ, ರಿಯಲ್ ಎಸ್ಟೇಟಿನವರು, ಪಂಚಾಯ್ತಿಯ ಮಾಜಿ ಮೆಂಬರು ಎಲ್ಲ ಸೇರಿ ವರ್ಷಕ್ಕೊಂದು ನಾಟಕ ಕಲಿಯುತ್ತಾರೆ, ಕಿರೀಟ ಇಟ್ಟು ಗದೆ ಹಿಡಿದು ಪದ್ಯ ಹಾಡುತ್ತಾರೆ. ನಮ್ಮ ಓನರು ಮೂವತ್ತು ವರ್ಷದಿಂದ ಛಲ ಬಿಡದ ದೊರೆಯ ಪಾತ್ರ ಮಾಡುತ್ತಿದ್ದರು. ಹಾಲ್‌ನ ಮೂಲೆಯಲ್ಲಿ ಬಣ್ಣ ಹೋದ ಒಂದು ಗದೆ, ಬಟ್ಟೆ ಮುಚ್ಚಿದ ಹಾರ್ಮೋನಿಯಂ. ಶನಿವಾರ ಸಂಜೆ ಅವರ ತಾಲೀಮು, ಭಾನುವಾರ ಬೆಳಿಗ್ಗೆ ನಮ್ಮದು ಎಂದು ತೀರ್ಮಾನವಾಯಿತು.

ಮೊದಲ ಭಾನುವಾರ ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಮ್ಮ ಎದುರಿಗೇ ಕುಳಿತರು. ನಮಗೆ ಜೀವ ಹೋದಂತಾಯಿತು. ಡ್ರಮ್ಮಿನವನು ಎರಡೂ ಕಾಲಲ್ಲಿ ದಡದಡ ಶುರು ಮಾಡಿದ್ದೇ ತಡ, ಓನರು ತೊಡೆ ತಟ್ಟಿ, "ಕುದ್ರೆ ಬಂದ್ವು" ಎಂದರು. ನಾವು ಎಷ್ಟೋ ಜನರಿಗೆ ಈ ಸಂಗೀತವನ್ನು ವಿವರಿಸಿ ಸೋತಿದ್ದೆವು. ಇವರಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಹನ್ನೆರಡು ನಿಮಿಷವೂ ಎದ್ದು ಹೋಗದೆ ಕೇಳಿದ ಏಕೈಕ ಶ್ರೋತೃ ಅವರು. ಮುಗಿದ ಮೇಲೆ, "ಇಷ್ಟಕ್ಕೇ ಮುಗೀತಾ? ಇನ್ನೂ ಎಳೀಬೋದಿತ್ತು" ಎಂದರು. ನನ್ನ ಗಂಡ ಈ ಹಾಡಿನ ಬಗ್ಗೆ ಇಂಥ ಮಾತು ಯಾವತ್ತೂ ಆಡಿಲ್ಲ.

ಎಳೆಯುವುದೇ ನನಗೆ ಕಷ್ಟವಾಗಿತ್ತು. ಹಾಡಿನ ಕೊನೆಯಲ್ಲಿ ವಾದ್ಯಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಕಾವಲಿನವಳು ಮುರಿದ ಬಾಗಿಲಲ್ಲಿ ನಿಂತು ಆಚೆಯ ಸೈನ್ಯಕ್ಕೆ "ಬಾ" ಎನ್ನುತ್ತಾಳೆ. ಒಂದೇ ಅಕ್ಷರ, ಹಾಡಿನ ಅತಿ ಎತ್ತರದ ಸ್ವರ. ಹದಿನಾರು ಎಣಿಕೆ ಹಿಡಿಯಬೇಕು, ಹದಿನೇಳಕ್ಕೆ ಎಲ್ಲ ವಾದ್ಯ ಒಟ್ಟಿಗೆ ಬಂದು ಬೀಳುತ್ತವೆ. ಎಣಿಕೆ ತಪ್ಪಬಾರದೆಂದು ನಮ್ಮೆಲ್ಲರ ಕಿವಿಯಲ್ಲೂ ಇಯರ್‌ಫೋನು, ಅದರಲ್ಲಿ ಟಿಕ್ ಟಿಕ್ ಎಂದು ಲಯ ತೋರಿಸುವ ಕ್ಲಿಕ್ಕು. ಗಿಟಾರಿನವನಿಗೆ ಆ ಕ್ಲಿಕ್ಕು ಎಂದರೆ ಪ್ರಾಣ. ನಕ್ಷೆ ತೆಗೆಯುವವನಲ್ಲವೇ, ಕೂದಲೆಳೆಯಷ್ಟು ಅತ್ತಿತ್ತ ಆದರೂ ಅವನಿಗೆ ಊಟ ಸೇರುವುದಿಲ್ಲ.

ಎರಡು ವರ್ಷ ಆ "ಬಾ" ಸಲೀಸಾಗಿ ಬಂತು. ಹೋದ ವರ್ಷ ಒಂದು ಕೆಮ್ಮು ಹಿಡಿದು ಎರಡು ತಿಂಗಳು ಕೂತಿತು. ಕೆಮ್ಮು ಹೋಯಿತು, ಹೋಗುವಾಗ ಏನನ್ನೋ ಎತ್ತಿಕೊಂಡು ಹೋಯಿತು. ಹತ್ತನೇ ಎಣಿಕೆಗೋ ಹನ್ನೊಂದಕ್ಕೋ ದನಿ ಚಿಟಕ್ಕೆಂದು ಒಡೆಯತೊಡಗಿತು. ಗಂಟಲಿನ ಡಾಕ್ಟರು ನೋಡಿ ಏನೂ ಇಲ್ಲ, ವಯಸ್ಸು, ಸ್ವಲ್ಪ ಕಡಿಮೆ ಬಳಸಿ ಎಂದರು. ಇಡೀ ಜನ್ಮ ಇದೇ ಮಾತು.

ಗಿಟಾರಿನವನು ಮೂರು ತಿಂಗಳು ಕಾದು ನೋಡಿದ. ಆಮೇಲೊಂದು ಭಾನುವಾರ, ಕೇಬಲ್ ಸುತ್ತುತ್ತಾ, ನನ್ನ ಮುಖ ನೋಡದೆ ಹೇಳಿದ. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಇಡೀ ಹಾಡನ್ನ ಎರಡು ಸ್ವರ ಕೆಳಗಿಳಿಸಿ ನೋಡ್ದೆ. ಕುದುರೆ ಓಡಲ್ಲ, ಎಮ್ಮೆ ಥರ ಆಗುತ್ತೆ. ಎಲೆಕ್ಟ್ರಾನಿಕ್ ಸಿಟಿಲಿ ಒಬ್ಳು ಹುಡುಗಿ ಇದಾಳೆ, ಚೆನ್ನಾಗಿ ಹಾಡ್ತಾಳೆ. ಮುಂದಿನ ತಿಂಗಳು ಶೋ ಇದ್ಯಲ್ಲ, ಅದನ್ನ ನೀವು ಮಾಡಿ. ಬಂತು ಅಂದ್ರೆ ಮಾತೇ ಇಲ್ಲ. ಬರ್ಲಿಲ್ಲ ಅಂದ್ರೆ ಅವಳು ಹಾಡ್ಲಿ, ನೀವು ಸಾಹಿತ್ಯ ನೋಡ್ಕೊಳ್ಳಿ."

ಸಾಹಿತ್ಯ ನೋಡ್ಕೊಳ್ಳಿ ಎಂದರೆ ಏನೆಂದು ನನಗೆ ಗೊತ್ತು. ನಮ್ಮ ಆಫೀಸಿನಲ್ಲೂ ಬೇಡವಾದವರಿಗೆ ಹೀಗೇ ಒಂದು ಹೊಸ ಹುದ್ದೆ ಹುಟ್ಟಿಸುತ್ತೇವೆ. ಸಿಟ್ಟು ಬರಲಿಲ್ಲ, ಏಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು. ಭಯವಾಯಿತು. ನನ್ನ ದನಿಯನ್ನು ಪೂರ್ತಿ ಬಿಚ್ಚಬಹುದಾದ ಜಾಗ ಈ ಭೂಮಿಯ ಮೇಲೆ ಒಂದೇ ಒಂದಿತ್ತು, ಆ ಶೀಟಿನ ಹಾಲ್. ಅದೂ ಹೋದರೆ ಉಳಿದದ್ದು ಹನ್ನೊಂದನೇ ಮಹಡಿಯ ಫ್ಲ್ಯಾಟು ಮತ್ತು ಬಹುಶಃ ಆಗಬಹುದು ಎನ್ನುವ ಆಫೀಸು. ಆ ಮಧ್ಯಾಹ್ನ ಎಲ್ಲರೂ ಇಳಿದು ಹೋದ ಮೇಲೂ ನಾನು ಒಬ್ಬಳೇ ನಿಂತು "ಬಾ" ಎನ್ನುತ್ತಿದ್ದೆ. ಹತ್ತಕ್ಕೆ ಒಡೆಯಿತು. ಮತ್ತೆ ಅಂದೆ, ಒಂಬತ್ತಕ್ಕೆ ಒಡೆಯಿತು.

ಒಣಗಿದ ಬಟ್ಟೆ ತೆಗೆದುಕೊಳ್ಳಲು ಬಂದ ಓನರು ಹೆಗಲ ಮೇಲೆ ನಾಲ್ಕು ಟವೆಲು ಹಾಕಿಕೊಂಡೇ ನಿಂತು ಕೇಳುತ್ತಿದ್ದರು.

"ಮೇಡಮ್ಮೋರೆ, ಬೆರಳಲ್ಲಿ ಏನದು ಎಣುಸ್ತಾ ಇದೀರಾ?"

ನನಗೇ ಗೊತ್ತಿಲ್ಲದೆ ಬಲಗೈ ಬೆರಳು ಮಡಚುತ್ತಿದ್ದೆ. ಹದಿನಾರು ಎಣಿಕೆಯ ಲೆಕ್ಕ ಹೇಳಿದೆ.

"ಎಣುಸ್ಕೊಂಡು ಯಾರಾನ ಸಾಯ್ತಾರೇನಮ್ಮಾ?" ಎಂದರು. ಟವೆಲುಗಳನ್ನು ಹಾರ್ಮೋನಿಯಂ ಮೇಲೆ ಇಟ್ಟು ನನ್ನ ಪಕ್ಕ ಬಂದು ನಿಂತರು. "ನೀನು ಆ ಸ್ವರಕ್ಕೆ ಎದರ್ಕೊಂಡು ಓಡೋಗ್ತೀಯಾ. ಯಾಕೆ ಓಡ್ಬೇಕು? ಕ್ವಾಟೆ ನಿಂದು, ಬಾಗ್ಲು ನಿಂದು. ನಮ್ ದೊರೆ ಏನ್ ಮಾಡ್ತಾನೆ ಏಳು? ಎದ್ದು ನಿಂತ್ಕೋತಾನೆ. ಸಭೆನ ಈ ಕಡೆಯಿಂದ ಆ ಕಡೆಗಂಟ ಒಂದ್ಸಲ ನೋಡ್ತಾನೆ. ಆರ್ಮೋನಿಯಂ ಮೇಷ್ಟ್ರು ಶ್ರುತಿ ಇಡ್ಕೊಂಡು ಕಾಯ್ತಾ ಕೂತಿರ್ತಾರೆ. ಕಾಯ್ಲಿ. ಮನ್ಸು ಬಂದಾಗ ಬಾಯಿ ತೆಗೀತಾನೆ. ಮೇಷ್ಟ್ರು ದೊರೆ ಇಂದೆ ಬತ್ತಾರೆ, ದೊರೆ ಮೇಷ್ಟ್ರು ಇಂದೆ ಓಗಕಿಲ್ಲ."

ಮೇಡಮ್ಮೋರೆ ಹೋಗಿ ಏಕವಚನ ಬಂದದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು. ಅವರ ಮಾತಿನಂತೆ ನಿಂತು, ತಾರಸಿಯ ನೀರಿನ ಟ್ಯಾಂಕನ್ನೇ ಶತ್ರು ಸೈನ್ಯ ಎಂದುಕೊಂಡು ಒಂದು ಸಲ ನೋಡಿ, ಎಣಿಸದೆ "ಬಾ" ಎಂದೆ. ಎಷ್ಟು ಹೊತ್ತು ನಿಂತಿತೋ ಲೆಕ್ಕ ಗೊತ್ತಿಲ್ಲ, ಒಡೆಯಲಿಲ್ಲ. ಕೆಳಗಿನ ಪಿ.ಜಿ.ಯ ಹುಡುಗನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, "ಬಂದೆ ಆಂಟಿ" ಎಂದ.

ಆದರೆ ಬ್ಯಾಂಡಿನಲ್ಲಿ ಎಣಿಸದೆ ಹಾಡುವುದು ಹೇಗೆ? ಗಿಟಾರಿನವನಿಗೆ ಹೇಳಿದರೆ, "ಕ್ಲಿಕ್ ಇಲ್ದೆ ನಾವು ಮೂವರೂ ಒಟ್ಟಿಗೆ ಹೆಂಗ್ ಬರೋದಕ್ಕ? ಆಗಲ್ಲ" ಎಂದ. ಅದೂ ಸರಿಯೇ. ನನಗೆ ಇಂಥ ಸರಿಯಾದ ಜನರ ಸಹವಾಸವೇ ಜಾಸ್ತಿ.

ಮರುವಾರ ಹೊಸ ಸ್ಪೀಕರ್ ಇಳಿಸಲು ನಾನು ಮತ್ತು ಅವನು ಶನಿವಾರ ಸಂಜೆಯೇ ಹೋದೆವು. ನಾಟಕದವರ ತಾಲೀಮಿನ ಹೊತ್ತು. ಹಾರ್ಮೋನಿಯಂ ಮೇಷ್ಟ್ರ ಬಸ್ಸು ಹೂಡಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿತ್ತು. ಓನರು ಗದೆ ಹಿಡಿದು ಚಡಪಡಿಸುತ್ತಿದ್ದವರು ಗಿಟಾರಿನವನನ್ನು ಕಂಡದ್ದೇ, "ನೀನೇ ಇಡಿಯಪ್ಪ ಶ್ರುತಿನ" ಎಂದು ಅವನ ಗಿಟಾರಿನ ಸಮೇತ ಕೂರಿಸಿದರು. ಅವನು ಅಭ್ಯಾಸಬಲದಿಂದ ಫೋನು ತೆಗೆದು ಕ್ಲಿಕ್ಕು ಹಾಕಲು ಹೋದ. ಓನರು ಫೋನನ್ನು ಕಿತ್ತುಕೊಂಡು ತಮ್ಮ ಅಂಗಿ ಜೇಬಿಗೆ ಹಾಕಿಕೊಂಡರು.

"ಆಮೇಲೆ ನಂಗೆ ಹೆಂಗ್ ಗೊತ್ತಾಗುತ್ತೆ ಅಂಕಲ್, ಎಲ್ಲಿ ಬರ್ಬೇಕು ಅಂತ?"

"ನನ್ ಬಾಯಿ ನೋಡ್ಕೊಂಡು ಬಾ."

ಅವನು ಬಾಯಿ ನೋಡಿಕೊಂಡು ಹೋದ. ಮೊದಲ ಪದ್ಯದಲ್ಲಿ ನಾಲ್ಕು ಕಡೆ ಎಡವಿದ. ಎರಡನೆಯದರಲ್ಲಿ ಒಂದು ಕಡೆ. ದೊರೆ ಹಠದಲ್ಲಿ ಸ್ವರ ಎಳೆದು ಉಸಿರು ಸಾಲದೆ ದನಿ ಸಣ್ಣದಾದಾಗ ಓನರು ಎಡಗೈಯಲ್ಲಿ ಸನ್ನೆ ಮಾಡಿದರು. ಅವನು ಗಿಟಾರಿನಲ್ಲಿ ಅದೇ ಸ್ವರ ತುಂಬಿದ, ದೊರೆ ಆ ಸಂದಿನಲ್ಲಿ ಉಸಿರು ತೆಗೆದುಕೊಂಡು ಮತ್ತೆ ಏರಿದರು. ಇದು ಮೇಷ್ಟ್ರು ಮಾಡುವ ಕೆಲಸವಂತೆ. ಪಾತ್ರಧಾರಿಯ ಗಂಟಲು ಕೈಕೊಟ್ಟರೆ ಸಭೆಗೆ ತಿಳಿಯುವ ಮೊದಲೇ ಹಾರ್ಮೋನಿಯಂ ಅದನ್ನು ಎತ್ತಿಕೊಳ್ಳಬೇಕು.

ಪದ್ಯ ಮುಗಿದಾಗ ಹಾಲಿನ ವ್ಯಾಪಾರಿಯೊಬ್ಬರು ಮೂಲೆಯಿಂದ "ಒನ್ಸ್ ಮೋರ್" ಎಂದು ಕೂಗಿದರು. ಓನರು ಗಂಭೀರವಾಗಿ ಕೈ ಮುಗಿದು, ಇಡೀ ಪದ್ಯವನ್ನು ಮೊದಲಿಂದ ಹಾಡಿದರು.

"ತಾಲೀಮಲ್ಲೂ ಹಾಡ್ಬೇಕಾ ಅಣ್ಣ?" ಎಂದು ಕೇಳಿದೆ.

"ಎಲ್ಲೇ ಆಗ್ಲಿ, ಕೇಳಿದ್ ಮ್ಯಾಲೆ ಆಡ್ಬೇಕು. ಇಲ್ಲಾಂದ್ರೆ ಸಭೆಗೆ ಅವಮಾನ. ಒಂದ್ಸಲ ನಾನು ಸತ್ತು ಮಲಗಿದ್ದೆ, ಒನ್ಸ್ ಮೋರ್ ಅಂದ್ರು. ಎದ್ದು ಆಡ್ಬುಟ್ಟು ಇನ್ನೊಂದ್ಸಲ ಸತ್ತೆ."

ನಾವಿಬ್ಬರೂ ಮೆಟ್ರೋ ನಿಲ್ದಾಣದವರೆಗೆ ನಗುತ್ತಾ ನಡೆದೆವು. ಗಿಟಾರಿನವನು ಪ್ಲ್ಯಾಟ್‌ಫಾರಮ್ಮಿನಲ್ಲಿ ಇದ್ದಕ್ಕಿದ್ದಂತೆ, ನನ್ ಫೋನ್ ಅವರ ಜೇಬಲ್ಲೇ ಇದೆ ಎಂದು ವಾಪಸ್ ಓಡಿದ.

ಶೋ ಇದ್ದದ್ದು ವೈಟ್‌ಫೀಲ್ಡಿನ ಒಂದು ಬಿಯರ್ ಪಬ್ಬಿನಲ್ಲಿ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಅವತ್ತು ಬೆಳಗಿನ ಅಭ್ಯಾಸದಲ್ಲೂ ಕ್ಲಿಕ್ಕಿನ ಜೊತೆ ಐದು ಸಲ ಹಾಡಿದ್ದರಲ್ಲಿ ಮೂರು ಸಲ ದನಿ ಒಡೆದಿತ್ತು. ಎಲೆಕ್ಟ್ರಾನಿಕ್ ಸಿಟಿಯ ಹುಡುಗಿ ಮೊದಲೇ ಬಂದು ಮುಂದಿನ ಟೇಬಲ್ಲಿನಲ್ಲಿ ಕುಳಿತಿದ್ದಳು. ಅವಳ ಮೇಲೆ ಸಿಟ್ಟಾಗೋಣ ಎಂದರೆ ಅವಳು ನನಗೆಂದು ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದಳು, ಅದರಲ್ಲಿ ಶುಂಠಿ ಬೇರೆ. ಇಪ್ಪತ್ತನಾಲ್ಕು ವರ್ಷದ ಒಳ್ಳೆಯ ಹುಡುಗಿ. ಹೊಟ್ಟೆಕಿಚ್ಚು ಪಡುವುದಕ್ಕೂ ಬಿಡಲಿಲ್ಲ.

ನಾವು ಶುರು ಮಾಡುವ ಹೊತ್ತಿಗೆ ಬಾಗಿಲಲ್ಲಿ ಓನರು ಕಾಣಿಸಿಕೊಂಡರು. ಜೊತೆಗೆ ಹಾರ್ಮೋನಿಯಂ ಮೇಷ್ಟ್ರು ಮತ್ತು ಹಾಲಿನ ವ್ಯಾಪಾರಿ. ಮೂವರೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಇದ್ದರು. ಕಪ್ಪು ಟೀ ಶರ್ಟಿನ ಐಟಿ ಹುಡುಗರ ನಡುವೆ ಮುಂದಿನ ಸಾಲಿಗೇ ಬಂದು ಕುಳಿತು ಮೂರು ನಿಂಬೆ ಸೋಡಾ ಹೇಳಿದರು. ಯಾರೋ ಮಂತ್ರಿಯ ಕಡೆಯವರು ಎಂದುಕೊಂಡು ಮ್ಯಾನೇಜರು ಕಡಲೆಬೀಜವನ್ನು ಪುಕ್ಕಟೆ ಕಳಿಸಿದ.

ಸಣ್ಣ ಹಾಡುಗಳು ಚೆನ್ನಾಗಿಯೇ ಹೋದವು. ಕೊನೆಗೆ ಕೋಟೆಯ ಹಾಡು. ಕುದುರೆ ಬಂದವು, ಗೋಡೆ ಬಿದ್ದವು, ನಾನು ಬಾಗಿಲಿಗೆ ಬಂದು ನಿಂತೆ. ವಾದ್ಯ ನಿಂತವು. ಕಿವಿಯಲ್ಲಿ ಕ್ಲಿಕ್ಕು ಶುರುವಾಯಿತು, ಒಂದು, ಎರಡು. ಕೈಬೆರಳು ಮಡಚುವುದು ನನಗೇ ಗೊತ್ತಾಯಿತು. ನಾನು ಇಯರ್‌ಫೋನನ್ನು ಕಿತ್ತು ಕೈಬಿಟ್ಟೆ. ಈ ಕಡೆಯಿಂದ ಆ ಕಡೆಯವರೆಗೆ ಸಭೆಯನ್ನು ಒಂದು ಸಲ ನೋಡಿದೆ. ಡ್ರಮ್ಮಿನವನು ಕೋಲು ಮೇಲೆತ್ತಿ ಬಾಯಿ ಬಿಟ್ಟುಕೊಂಡು ಕುಳಿತಿದ್ದ. ಗಿಟಾರಿನವನ ಮುಖ ಸುಣ್ಣ. ಕಾಯಲಿ ಎಂದುಕೊಂಡೆ. "ಬಾ" ಎಂದೆ.

ಅದು ಬಂತು. ಕೆಮ್ಮಿಗಿಂತ ಮೊದಲು ಬರುತ್ತಿದ್ದುದಕ್ಕಿಂತಲೂ ದೊಡ್ಡದಾಗಿ ಬಂದು, ಅಲುಗಾಡದೆ, ನಾನು ಸಾಕು ಅನ್ನುವವರೆಗೆ ನಿಂತಿತು. ನಾನೇ ನಿಲ್ಲಿಸಿದೆ. ಇನ್ನೇನು ವಾದ್ಯಗಳು ಬಂದು ಬೀಳಬೇಕು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಆ ದೊರೆಯ ಕಂಠ ಕೇಳಿಸಿತು.

"ಒನ್ಸ್ ಮೋರ್."

ಹೆವಿ ಮೆಟಲ್ ಶೋಗಳಲ್ಲಿ ಜನ ಕೂಗುತ್ತಾರೆ, ಕುಣಿಯುತ್ತಾರೆ, ಕೂದಲು ಬೀಸುತ್ತಾರೆ. ಹಾಡಿನ ನಡುವೆ, ನಾಯಕಿ ಸಾಯುವ ಕ್ಷಣದಲ್ಲಿ, ಇನ್ನೊಮ್ಮೆ ಹಾಡು ಎಂದು ಯಾರೂ ಕೇಳುವುದಿಲ್ಲ. ಅಂಥ ಪದ್ಧತಿ ಅಲ್ಲಿ ಇಲ್ಲ. ಬುದ್ಧಿ ಇರುವ ಯಾವ ಗಾಯಕಿಯೂ ಕೇಳಿಸದಂತೆ ಮುಂದೆ ಹೋಗುತ್ತಿದ್ದಳು, ಅದರಲ್ಲೂ ಬ್ಯಾಂಡಿನಲ್ಲಿ ಜಾಗ ಉಳಿಸಿಕೊಳ್ಳಲು ಬೇಕಾದದ್ದು ಆಗಲೇ ಕೈಗೆ ಬಂದಿರುವಾಗ. ನಾನೋ, ಆ ಶನಿವಾರದ ತಾಲೀಮು ತಲೆಯಲ್ಲಿ ಕೂತಿದ್ದವಳು, ಕೇಳಿದ ಮೇಲೆ ಹಾಡಬೇಕು ಎಂದು ಕೈ ಮುಗಿದೆ. ಮುಗಿದ ಮೇಲೆ ಗೊತ್ತಾಯಿತು, ಎಂಥ ಕೆಲಸ ಮಾಡಿದೆ ಎಂದು. ಇನ್ನೊಂದು "ಬಾ" ನನ್ನ ಗಂಟಲಲ್ಲಿ ಇದೆಯೋ ಇಲ್ಲವೋ ದೇವರಿಗೇ ಗೊತ್ತು.

ಆದರೂ ನಿಂತೆ, ನೋಡಿದೆ, ಬಾಯಿ ತೆರೆದೆ. ಏರಿತು. ತುದಿ ಮುಟ್ಟಿತು. ಅಲ್ಲಿ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಚಿಟಕ್ಕೆಂದು ಒಡೆಯಿತು.

ಅಷ್ಟು ಜನರ ಎದುರಿಗೆ, ಆ ನಿಶ್ಶಬ್ದದಲ್ಲಿ, ನನ್ನ ದನಿ ಚೂರಾದದ್ದು ನನಗೇ ಕೇಳಿಸಿತು. ಮುಗಿಯಿತು, ಸಾಹಿತ್ಯ ನೋಡಿಕೊಳ್ಳುವುದೇ ಸರಿ ಎಂದುಕೊಂಡೆ. ಆ ಯೋಚನೆ ಪೂರ್ತಿಯಾಗುವ ಮೊದಲೇ ಎಡಗಡೆಯಿಂದ ಅದೇ ಸ್ವರ ಬಂತು. ದನಿ ಬಿಟ್ಟ ಕಡೆಯಿಂದಲೇ, ಒಂದು ಕೂದಲೆಳೆಯೂ ಹಿಂದೆಮುಂದೆ ಆಗದೆ, ಗಿಟಾರು ಅದನ್ನು ಎತ್ತಿಕೊಂಡಿತ್ತು. ತಿರುಗಿ ನೋಡಿದೆ. ಅವನ ಕಿವಿಯ ಇಯರ್‌ಫೋನು ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ಅವನು ತಂತಿಯನ್ನು ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದ. ನಾನು ಉಸಿರು ತೆಗೆದುಕೊಂಡೆ. ಅವನು ಹಿಡಿದುಕೊಂಡೇ ಇದ್ದ. ನಾನು ಮತ್ತೆ ಆ ಸ್ವರದೊಳಗೆ ಹೋದೆ, ಇಬ್ಬರೂ ಜೊತೆಯಾಗಿ ಮುಗಿಸಿದೆವು, ಉಳಿದಿಬ್ಬರು ನಮ್ಮನ್ನು ನೋಡಿಕೊಂಡು ಬಂದು ಬಿದ್ದರು. ಕಪ್ಪು ಟೀ ಶರ್ಟಿನವರೆಲ್ಲ ಎದ್ದು ನಿಂತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಶುಂಠಿಯ ಘಾಟು ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಇಳಿದು ಬಂದಾಗ ಎಲೆಕ್ಟ್ರಾನಿಕ್ ಸಿಟಿಯ ಹುಡುಗಿ ಕೈ ಹಿಡಿದುಕೊಂಡು, "ಅಕ್ಕ, ಎರಡನೇ ಸಲ ಆ ಒಡೆಯೋದನ್ನ ಹೆಂಗ್ ಮಾಡಿದ್ರಿ? ನಂಗೂ ಹೇಳ್ಕೊಡಿ" ಎಂದಳು. ಹೇಳಿಕೊಡುತ್ತೇನೆ ಎಂದೆ. ಅದಕ್ಕೆ ನಲವತ್ತಮೂರು ವರ್ಷ ಬೇಕು ಎಂದು ಹೇಳಲಿಲ್ಲ.

ಓನರು ಸೋಡಾದ ಕೊನೆಯ ಗುಟುಕು ಕುಡಿದು ಗ್ಲಾಸು ಇಟ್ಟರು.

"ಒಡೀತಣ್ಣ" ಎಂದೆ.

"ಒಡೀದೆ ಇನ್ನೇನಮ್ಮಾ. ಮೊದ್ಲು ಸಲ ನೀನು ಆಡ್ದೆ. ಎರಡ್ನೇ ಸಲ ಅವ್ಳು ಸತ್ಲು" ಎಂದರು. ಆಮೇಲೆ ಗಿಟಾರಿನವನ ಕಡೆ ತಿರುಗಿ ಬೆನ್ನು ತಟ್ಟಿದರು. ಹಾರ್ಮೋನಿಯಂ ಮೇಷ್ಟ್ರು ಮಾತ್ರ, ಹುಡ್ಗ ನನ್ ಕೆಲ್ಸಕ್ಕೆ ಸಂಚಕಾರ ತಂದ ಎಂದು ಗೊಣಗಿದರು.

ಗಿಟಾರಿನವನು ಅವತ್ತು ಕೇಬಲ್ ಸುತ್ತಿಕೊಂಡು ನನಗಿಂತ ಮೊದಲೇ ಹೊರಟುಹೋದ. ಅಳತೆ ತಪ್ಪಿದ್ದಕ್ಕೆ ಬೇಜಾರೋ, ಹೊಸಬಳ ವಿಷಯ ಹೇಗೆ ಎತ್ತುವುದೆಂಬ ಸಂಕೋಚವೋ ಗೊತ್ತಾಗದೆ ನಾನು ಒಂದು ವಾರ ಒದ್ದಾಡಿದೆ. ಮುಂದಿನ ಭಾನುವಾರ ತಾರಸಿ ಹತ್ತಿ ಹೋದರೆ ಅವನು ಹಾಡಿನ ಹಾಳೆಗಳನ್ನು ಹರಡಿಕೊಂಡು ಕೂತಿದ್ದ. ಕೊನೆಯ ಹಾಳೆಯಲ್ಲಿ ಹದಿನಾರು ಎಣಿಕೆ ಎಂದು ಇದ್ದುದನ್ನು ಪೆನ್ನಿನಿಂದ ಹೊಡೆದು ಹಾಕಿದ್ದ. ಅದರ ಕೆಳಗೆ, ನಕ್ಷೆಗೆ ಬರೆಯುವಂಥ ಅಚ್ಚುಕಟ್ಟಾದ ಅಕ್ಷರದಲ್ಲಿ, ಒನ್ಸ್ ಮೋರ್ ಎಂದು ಬರೆದಿದ್ದ. ಅಷ್ಟು ನೋಡಿ ನನಗೆ ಸಮಾಧಾನವಾಯಿತು.

ಹಾಡು ಶುರು ಮಾಡಿದೆವು. ಬಾಗಿಲಿನ ಜಾಗ ಬಂದಾಗ ಅವನು ಕ್ಲಿಕ್ಕಿನ ಸ್ವಿಚ್ಚನ್ನು ಕಾಲಿನಿಂದ ಒತ್ತಿ ಆರಿಸಿದ.

"ನೀವು ಯಾವಾಗ್ ಬೇಕೋ ಆವಾಗ ಹೋಗಿ ಅಕ್ಕ" ಎಂದ. "ನಾವು ಬಾಯಿ ನೋಡ್ಕೊಂಡು ಬರ್ತೀವಿ."

ತಾರಸಿಯಲ್ಲಿ ಸದ್ದಿರಲಿಲ್ಲ. ಮೂವರೂ ಕೈ ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು. ಕಮ್ಮಿ ಮಾಡು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಅವಸರ ಮಾಡಲಿಲ್ಲ.